ಕಲಬುರಗಿಯ ಬಿಸಿಲಿನಲ್ಲಿ ಮೂರು ವರ್ಷ: ವಾಟರ್‌ಕೂಲಿಂಗ್‌ಗೆಂದು ಆರಿಸಿದ ಆರ್‌ಟಿಎಕ್ಸ್ 3080

ಮದುವೆ ವಿಡಿಯೊಗಳ ಎಡಿಟಿಂಗ್ ನನ್ನ ಉದ್ಯೋಗ. ಕಲಬುರಗಿಯಲ್ಲಿ ಮದುವೆಯ ಹಂಗಾಮೂ 42 ಡಿಗ್ರಿಯ ಬಿಸಿಲೂ ಜೊತೆಯಲ್ಲಿಯೇ ಬರುವುದರಿಂದ, ಕಂಪ್ಯೂಟರಿಗೆ ಬಿಡುವಿಲ್ಲದ ದಿನಗಳೇ ಅದಕ್ಕೆ ಕಡುಕಷ್ಟದ ದಿನಗಳೂ ಹೌದು. 2022ರಲ್ಲಿ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಯಿಂದ 10 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3080 ತಂದು, 360 ಮತ್ತು 240 ಮಿ.ಮೀ. ರೇಡಿಯೇಟರ್‌ಗಳ ಲೂಪಿಗೆ, ಅಂದರೆ ಪಂಪು ನೀರನ್ನು ಸುತ್ತಿಸಿ ಕಾರ್ಡಿನ ಬಿಸಿಯನ್ನು ಹೊರಹಾಕುವ ಕೊಳವೆಗಳ ವ್ಯವಸ್ಥೆಗೆ, ಜೋಡಿಸಿದೆ.

ವಾಟರ್‌ಕೂಲಿಂಗ್ ಮಾಡುವವರು ಕಾರ್ಡಿನ ಫ್ಯಾನುಗಳನ್ನು ನೋಡಿ ಮರುಳಾಗಬಾರದು. ಅವು ಹೇಗಿದ್ದರೂ ಬಿಚ್ಚಿ ಡಬ್ಬಕ್ಕೆ ಸೇರುವಂಥವು. ನೋಡಬೇಕಾದದ್ದು ಒಳಗಿನ ಪಿಸಿಬಿಯನ್ನು, ಅಂದರೆ ಚಿಪ್ಪುಗಳನ್ನು ಕೂರಿಸಿದ ಬೋರ್ಡನ್ನು. ಚಿಪ್ ಒಂದೇ ಆದರೂ ಎನ್‌ವಿಡಿಯಾ ತಾನೇ ಮಾರುವ ಫೌಂಡರ್ಸ್ ಎಡಿಷನ್ನಿನ ಬೋರ್ಡ್ ಗಿಡ್ಡದಾಗಿದ್ದು ಅದರ ಒಂದು ತುದಿ ಕತ್ತರಿಸಿದಂತಿದೆ, ಆಸುಸ್ ಸ್ಟ್ರಿಕ್ಸ್‌ನದು ಎತ್ತರವಾಗಿದೆ, ಹಲವು ಕಂಪನಿಗಳು ಬಳಸುವ ಮಾದರಿ ವಿನ್ಯಾಸವಾದ ರೆಫರೆನ್ಸ್ ಬೋರ್ಡ್ ಇವೆರಡಕ್ಕಿಂತ ಬೇರೆ. ಚಿಪ್ಪಿನ ಮೇಲೆ ಕೂತು ನೀರು ಹರಿಸುವ ಲೋಹದ ಬ್ಲಾಕ್ ಒಂದರದು ಇನ್ನೊಂದಕ್ಕೆ ಕೂಡುವುದಿಲ್ಲ. ನಾನು ರೆಫರೆನ್ಸ್ ಬೋರ್ಡಿನದೆಂದು ನಂಬಿ ಕಾರ್ಡ್ ಕೊಂಡೆ, ಬ್ಲಾಕನ್ನು ಆನ್‌ಲೈನಿನಲ್ಲಿ ತರಿಸಿದೆ. ಕೂರಿಸಿ ಸ್ಕ್ರೂ ಬಿಗಿಯುವಾಗ ಒಂದು ಮೂಲೆ ಕೂದಲೆಳೆಯಷ್ಟು ಮೇಲೆದ್ದೇ ಇತ್ತು. ಟಾರ್ಚ್ ಬಿಟ್ಟು ನೋಡಿದರೆ, ಅದೇ ಮಾದರಿಯ ಹೊಸ ಆವೃತ್ತಿಯಾದ ನನ್ನ ಕಾರ್ಡಿನಲ್ಲಿ ಒಂದು ಕೆಪಾಸಿಟರ್ ತುಸು ಎತ್ತರದ್ದಾಗಿ ಬ್ಲಾಕಿಗೆ ತಗಲುತ್ತಿತ್ತು. ಬ್ಲಾಕ್ ವಾಪಸು ಪಡೆಯಲು ಮಾರಾಟಗಾರರು ಒಪ್ಪಲಿಲ್ಲ. ಆದ್ದರಿಂದ ಮೊದಲು ಬ್ಲಾಕ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಕಾರ್ಡಿನ ಪೂರ್ಣ ಮಾದರಿ ಸಂಖ್ಯೆ ಇದೆಯೇ ಎಂದು ನೋಡಿ, ಆಮೇಲೆ ಕಾರ್ಡಿಗೆ ಹಣ ಕೊಡಿ.

ಎರಡನೆಯ ಬ್ಲಾಕ್ ಸರಿಯಾಗಿ ಕೂತಿತು. ಆದರೂ ಒಮ್ಮೆ ಬಿಗಿದು, ಮತ್ತೆ ಬಿಚ್ಚಿ, ಚಿಪ್ಪಿನ ಬಿಸಿಯನ್ನು ಬ್ಲಾಕಿಗೆ ದಾಟಿಸುವ ಪ್ರತಿಯೊಂದು ಮೆತ್ತನೆಯ ಥರ್ಮಲ್ ಪ್ಯಾಡಿನ ಮೇಲೆ ಮೆಮೊರಿ ಚಿಪ್ಪಿನ ಚೌಕಾಕಾರದ ಅಚ್ಚು ಮೂಡಿದೆಯೇ ಎಂದು ಪರೀಕ್ಷಿಸಿದೆ. ಒಂದರ ಮೇಲೆ ಮೂಡಿರಲಿಲ್ಲ, ಏಕೆಂದರೆ ಅದರ ನೀಲಿ ಹಾಳೆಯನ್ನು ಕೀಳಲು ನಾನೇ ಮರೆತಿದ್ದೆ. ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಬಗೆಯ ಮೆಮೊರಿ 110 ಡಿಗ್ರಿ ತಲುಪಿದರೆ ಕಾರ್ಡ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ, ಮೂಲ ಫ್ಯಾನುಗಳಿದ್ದಾಗ ನನ್ನ ಮೆಮೊರಿ 106ರವರೆಗೆ ಏರುತ್ತಿತ್ತು; ಈಗ 78 ದಾಟುವುದಿಲ್ಲ.

ಹಾಗೆಂದು ವಾಟರ್‌ಕೂಲಿಂಗ್ ಪವಾಡವೇನೂ ಅಲ್ಲ. ರೇಡಿಯೇಟರ್ ಕೋಣೆಯ ಗಾಳಿಗಿಂತ ನೀರನ್ನು ತಣ್ಣಗೆ ಮಾಡಲಾರದು. ಕೋಣೆ 38 ಡಿಗ್ರಿ ಇದ್ದರೆ ನನ್ನ ಲೂಪಿನ ನೀರು 48, ಚಿಪ್ 62. ನನ್ನ ಲೂಪಿನ ಡಿ5 ಮಾದರಿಯ ಪಂಪಿಗೆ ನೀರಿನ ಮಿತಿ 60 ಡಿಗ್ರಿಯಾದ್ದರಿಂದ ಇಲ್ಲಿ ಉಳಿಯುವ ಅಂತರ ಕಡಿಮೆ. ಹೀಗಾಗಿ 320 ವ್ಯಾಟಿನ ಈ ಕಾರ್ಡನ್ನು ಬೇಸಿಗೆಯಲ್ಲಿ 270ಕ್ಕೆ ಇಳಿಸಿಡುತ್ತೇನೆ; ರೆಂಡರಿಂಗಿನಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸವಾಗಿಲ್ಲ. ಬಿಸಿನೀರಿಗೆ ಮೆತ್ತಗಾಗುವ ಪೆಟ್‌ಜಿ ಪ್ಲಾಸ್ಟಿಕ್ ಕೊಳವೆಗಳನ್ನು ಬಿಟ್ಟು ಇಪಿಡಿಎಂ ರಬ್ಬರ್ ಕೊಳವೆ ಹಾಕಿದ್ದೇನೆ. ಪಕ್ಕದಲ್ಲಿ ಕೋಣೆಯ ಏರ್ ಕೂಲರ್ ಹಚ್ಚಿದರೆ ತೇವಾಂಶದಿಂದ ಕಾರ್ಡ್ ಹಾಳಾಗುತ್ತದೆ ಎಂದು ಹೆದರಿಸಿದವರಿದ್ದಾರೆ. ನೀರು ಯಾವಾಗಲೂ ಕೋಣೆಗಿಂತ ಬಿಸಿಯಾಗಿಯೇ ಇರುವುದರಿಂದ ಬ್ಲಾಕಿನ ಮೇಲೆ ಹನಿ ಕಟ್ಟುವ ಪ್ರಶ್ನೆಯೇ ಇಲ್ಲ. ಕೂಲರಿನ ತುಂತುರು ಮಾತ್ರ ನೇರವಾಗಿ ಬೀಳಬಾರದು.

ನಿರ್ವಹಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋರ್‌ವೆಲ್ ನೀರನ್ನು ಹತ್ತಿರ ಸೇರಿಸಬೇಡಿ. ಬಕೆಟಿನ ಅಂಚಿಗೆ ಕಟ್ಟುವ ಬಿಳಿ ಪದರ ಬ್ಲಾಕಿನ ಸಣ್ಣ ಕಾಲುವೆಗಳಲ್ಲೂ ಕಟ್ಟುತ್ತದೆ. ತಾಮ್ರದ ಬ್ಲಾಕಿನೊಂದಿಗೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಿದರೆ ಆ ಅಲ್ಯುಮಿನಿಯಂ ಸವೆಯುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಧೂಳು ಊದುತ್ತೇನೆ.

ನನ್ನ ನಿಜವಾದ ಅಸಮಾಧಾನವಿರುವುದು 10 ಜಿಬಿಯ ಬಗ್ಗೆ. 4ಕೆ ದೃಶ್ಯಗಳಿಗೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಅಳಿಸುವ ಸೌಲಭ್ಯ) ಹಾಕಿದ ಕೂಡಲೇ ಮೆಮೊರಿ ತುಂಬಿತೆಂದು ನನ್ನ ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್ ನಿಂತುಬಿಡುತ್ತದೆ, ಇದಕ್ಕೆ ಎಷ್ಟು ನೀರು ಹರಿಸಿದರೂ ಪರಿಹಾರವಿಲ್ಲ. ಈಗ ಕೊಳ್ಳುವುದಾದರೆ 16 ಜಿಬಿ, 300 ವ್ಯಾಟಿನ ಆರ್‌ಟಿಎಕ್ಸ್ 5070 ಟಿಐಯನ್ನು, ಅದೂ ಬ್ಲಾಕ್ ಸಿಗುವ ಮಾದರಿಯನ್ನೇ ಆರಿಸುತ್ತೇನೆ. ಅಲ್ಲಿಯವರೆಗೆ 3080ರ ಮೂಲ ಫ್ಯಾನು, ಹೀಟ್‌ಸಿಂಕ್ ಮತ್ತು ಔಷಧದ ಡಬ್ಬಿಯಲ್ಲಿಟ್ಟ ಅದರ ಸ್ಕ್ರೂಗಳು ಅಲ್ಮಾರಿಯ ಮೇಲೆಯೇ ಇರುತ್ತವೆ, ಏಕೆಂದರೆ ಅವಿಲ್ಲದ ಕಾರ್ಡನ್ನು ಹಳೆಯದಾಗಿ ಕೊಳ್ಳುವವರು ಈ ಊರಿನಲ್ಲಿ ಸಿಗಲಾರರು.