ಟಿ24 ಕೋಶಸಂತತಿ: ಒತ್ತಡದ ಅಧ್ಯಯನಕ್ಕೆ ತರಿಸಿಕೊಳ್ಳುವ ಮುನ್ನ

ಮೂತ್ರಕೋಶದ ಕ್ಯಾನ್ಸರ್ ಕೋಶಗಳು ತಮ್ಮ ಒಳಗಿನ ಕೆಲಸವನ್ನು ಕೆಡಿಸುವ ಒತ್ತಡವನ್ನು ಹೇಗೆ ತಾಳಿಕೊಳ್ಳುತ್ತವೆ, ಆ ತಾಳಿಕೆಯೇ ಗಡ್ಡೆಯ ಬೆಳವಣಿಗೆಗೆ ಹೇಗೆ ನೆರವಾಗುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ನೋಡಹೊರಟವರು ಸಾಮಾನ್ಯವಾಗಿ ಮೊದಲು ತರಿಸಿಕೊಳ್ಳುವುದು ಟಿ24 ಕೋಶಸಂತತಿಯನ್ನು, ಅಂದರೆ ಒಬ್ಬರ ಗಡ್ಡೆಯಿಂದ ತೆಗೆದು ತಟ್ಟೆಯಲ್ಲಿ ಎಡೆಬಿಡದೆ ಬೆಳೆಸಿಕೊಂಡು ಬಂದ ಕೋಶಗಳನ್ನು. ನಾನೂ ಅದನ್ನೇ ತರಿಸಿಕೊಂಡೆ. ಮೂರು ವರ್ಷ ಅದನ್ನು ಸಾಕಿದ ಮೇಲೆ ಅದರ ಗುಣವನ್ನೂ ಮಿತಿಯನ್ನೂ ಬರೆದಿಡಬೇಕೆನಿಸಿತು.

ಇದರ ಮೂಲ 1970ರಲ್ಲಿ ಸ್ವೀಡನ್ನಿನ 81 ವರ್ಷದ ಒಬ್ಬ ಮಹಿಳೆಯ ಮೂತ್ರಕೋಶದಿಂದ ತೆಗೆದ ಗಡ್ಡೆ. ಮನುಷ್ಯರ ಕ್ಯಾನ್ಸರ್ ಜೀನಿನಲ್ಲಿ ಒಂದೇ ಅಕ್ಷರದ ಬದಲಾವಣೆ ಎಂಥ ಅನಾಹುತ ಮಾಡಬಲ್ಲದು ಎಂಬುದು 1982ರಲ್ಲಿ ಗೊತ್ತಾದದ್ದು ಇದೇ ಕೋಶಗಳ ಎಚ್‌ರಾಸ್ ಜೀನಿನಿಂದ. ಅದರಿಂದ ಆ ಜೀನು ತಯಾರಿಸುವ ಪ್ರೋಟೀನಿನಲ್ಲಿ ಹನ್ನೆರಡನೆಯ ಸ್ಥಾನದ ಗ್ಲೈಸಿನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಬಂದು ಕೂತಿತ್ತು. ಹೆಸರೂ ಗೊತ್ತಿಲ್ಲದ ಆ ಅಜ್ಜಿಗೆ ನಾವೆಲ್ಲರೂ ಋಣಿಗಳು.

ಬಳಕೆಯ ದೃಷ್ಟಿಯಿಂದ ಟಿ24 ಬಹಳ ಸಲೀಸು. ದ್ರವ ಸಾರಜನಕದಿಂದ ತೆಗೆದ ಸೀಸೆಯನ್ನು 37 ಡಿಗ್ರಿಯ ನೀರಿನಲ್ಲಿ ಹಿಡಿದು, ಒಳಗೆ ಅಕ್ಕಿಕಾಳಿನಷ್ಟು ಮಂಜು ಉಳಿದಿರುವಾಗಲೇ ಮೇಲೆತ್ತಿ ಮೆಕಾಯ್ಸ್ 5ಎ ಎಂಬ ಮಾಧ್ಯಮಕ್ಕೆ (ಕೋಶಗಳನ್ನು ಬೆಳೆಸುವ ಪೋಷಕ ದ್ರವಕ್ಕೆ) ಸುರಿದರೆ, ಮರುದಿನ ಬೆಳಿಗ್ಗೆಗೆ ಕೋಶಗಳು ತಟ್ಟೆಗೆ ಅಂಟಿಕೊಂಡು ಚಾಚಿಕೊಂಡಿರುತ್ತವೆ. ಸುಮಾರು 19 ಗಂಟೆಗೊಮ್ಮೆ ಇಮ್ಮಡಿಯಾಗುವುದರಿಂದ ಪ್ರಯೋಗಕ್ಕೆ ಕಾಯಬೇಕಾಗಿಲ್ಲ. ಒತ್ತಡ ಹುಟ್ಟಿಸಲು ಟ್ಯೂನಿಕಾಮೈಸಿನ್ ಎಂಬ ಔಷಧ ಕೊಟ್ಟಾಗ ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿ ಕೂಡುವುದು ನಿಂತು, ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳು ಕೋಶದೊಳಗೆ ಪ್ರೋಟೀನುಗಳನ್ನು ಮಡಚುವ ಅಂಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮಿನಲ್ಲಿ ಶೇಖರವಾಗುತ್ತವೆ. ಆಗ ಪರ್ಕ್ ಎಂಬ ಕಿಣ್ವ ಹೊಸ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸುತ್ತದೆ, ಐಆರ್‌ಇ1 ಮತ್ತು ಎಟಿಎಫ್6 ಎಂಬ ಸಂವೇದಕ ಪ್ರೋಟೀನುಗಳು ಮಡಚಲು ನೆರವಾಗುವ ಜಿಆರ್‌ಪಿ78ನಂಥ ಪ್ರೋಟೀನುಗಳನ್ನು ಹೆಚ್ಚಿಸುತ್ತವೆ. ಒತ್ತಡ ಹಿತಮಿತವಾಗಿದ್ದರೆ ಕೋಶ ಬದುಕಿ ಇನ್ನಷ್ಟು ಗಟ್ಟಿಯಾಗುತ್ತದೆ, ಮಿತಿಮೀರಿ ಮುಂದುವರಿದರೆ ಚಾಪ್ ಎಂಬ ಪ್ರೋಟೀನು ಏರಿ ಸಾವಿನ ದಾರಿ ತೆರೆಯುತ್ತದೆ. ಗಡ್ಡೆ ಬೆಳೆಯುವುದೂ ಕರಗುವುದೂ ಬಹುಪಾಲು ಈ ತಿರುವಿನಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ನಂಬಿಕೆ.

ಇನ್ನು ನನಗಾದ ತೊಂದರೆ. ಎರಡನೆಯ ಬಾರಿ ಬೇರೊಬ್ಬ ಮಾರಾಟಗಾರರಿಂದ ತರಿಸಿದ ಸೀಸೆಯ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಾಗಿಯೇ ಕಂಡವು, ಮಾಧ್ಯಮವೂ ತಿಳಿಯಾಗಿತ್ತು. ಆದರೆ ಔಷಧವನ್ನೇ ಕೊಡದ ತಟ್ಟೆಯಲ್ಲೂ ಪ್ರತಿಕಾಯದಿಂದ ಪ್ರೋಟೀನು ಗುರುತಿಸುವ ಪರೀಕ್ಷೆಯಲ್ಲಿ, ಒತ್ತಡದಲ್ಲಿ ಏರುವ ಎಟಿಎಫ್4 ಎಂಬ ಪ್ರೋಟೀನಿನ ಗೆರೆ ದಟ್ಟವಾಗಿ ಮೂಡುತ್ತಿತ್ತು. ಎರಡು ತಿಂಗಳು ಪ್ರತಿಕಾಯವನ್ನೂ ನನ್ನ ಕೈಯನ್ನೂ ಅನುಮಾನಿಸಿದ ಮೇಲೆ ಡಿಎನ್‌ಎ ಬಣ್ಣ ಹಾಕಿ ನೋಡಿದರೆ, ಕೋಶಕೇಂದ್ರದ ಸುತ್ತ ರಾಗಿ ಚೆಲ್ಲಿದಂತೆ ಹೊಳೆಯುವ ಚುಕ್ಕೆಗಳು: ಕೋಶಗಳ ತಟ್ಟೆಗೆ ನುಸುಳುವ ಮೈಕೋಪ್ಲಾಸ್ಮ ಎಂಬ ಬ್ಯಾಕ್ಟೀರಿಯ. ಕೋಶಭಿತ್ತಿಯೇ ಇಲ್ಲದ ಈ ಜೀವಿಗೆ ಪೆನಿಸಿಲಿನ್ ನಾಟುವುದಿಲ್ಲ. ಇದರ ಹಲವು ಪ್ರಭೇದಗಳು ಮಾಧ್ಯಮದ ಆರ್ಜಿನೈನ್ ಎಂಬ ಅಮೈನೋ ಆಮ್ಲವನ್ನು ತಿಂದು ಮುಗಿಸುತ್ತವೆ, ಆ ಹಸಿವು ತಾನಾಗಿಯೇ ಕೋಶದ ಒತ್ತಡದ ಪ್ರತಿಕ್ರಿಯೆಯನ್ನು ಎಬ್ಬಿಸುತ್ತದೆ. ಒತ್ತಡವನ್ನೇ ಅಳೆಯಹೊರಟವರಿಗೆ ಇದಕ್ಕಿಂತ ದೊಡ್ಡ ಹಾನಿ ಬೇರೆ ಇಲ್ಲ. ಅಷ್ಟೂ ತಟ್ಟೆಗಳನ್ನು ಆಟೋಕ್ಲೇವಿಗೆ ಹಾಕಿದ ಆ ಸಂಜೆ ನನಗೆ ನಿಜಕ್ಕೂ ದುಃಖವಾಯಿತು.

ಗುರುತಿನ ವಿಷಯದಲ್ಲಿಯೂ ಟಿ24 ಎಚ್ಚರ ಬೇಡುತ್ತದೆ, ಏಕೆಂದರೆ ಇದು ಬೇರೆ ತಟ್ಟೆಗಳಿಗೆ ನುಸುಳಿ ಅಲ್ಲಿಯ ಕೋಶಗಳನ್ನು ಹಿಂದಿಕ್ಕಿ ಬೆಳೆಯುವ ಜಾತಿ. ಹೊಕ್ಕುಳಬಳ್ಳಿಯ ರಕ್ತನಾಳದ ಕೋಶಗಳೆಂದು ವರ್ಷಗಟ್ಟಲೆ ಬಳಸಿದ ಇಸಿವಿ304 ಕೊನೆಗೆ ಟಿ24ರ ಸಂತತಿಯೆಂದು 1999ರಲ್ಲಿ ಡಿಎನ್‌ಎ ಗುರುತಿನಿಂದ ಬಯಲಾಯಿತು. ಆದ್ದರಿಂದ ಎಸ್‌ಟಿಆರ್ (ಕೋಶಗಳ ಡಿಎನ್‌ಎ ಗುರುತಿನ) ವರದಿಯೂ ಮೈಕೋಪ್ಲಾಸ್ಮ ಪರೀಕ್ಷೆಯ ವರದಿಯೂ ಕೈಸೇರದೆ ಸೀಸೆಯನ್ನು ಒಪ್ಪಿಕೊಳ್ಳಬೇಡಿ. ಬಂದ ಮೇಲೂ ಪ್ರತ್ಯೇಕ ಇನ್‌ಕ್ಯುಬೇಟರಿನಲ್ಲಿಟ್ಟು ನೀವೇ ಮತ್ತೊಮ್ಮೆ ಪರೀಕ್ಷಿಸಿ.

ಇದಕ್ಕಿಂತ ಆಳವಾದ ಕೊರತೆಯೊಂದಿದೆ. ಮನುಷ್ಯನ ಮೂತ್ರದ ಸಾಂದ್ರತೆ 50ರಿಂದ 1200 ಮಿಲಿಆಸ್ಮೋಲಿನವರೆಗೆ (ಕರಗಿದ ಕಣಗಳ ಅಳತೆ) ಏರಿಳಿಯುತ್ತದೆ, ತಂಬಾಕಿನಿಂದ ಬಂದ ಆರೊಮ್ಯಾಟಿಕ್ ಅಮೀನುಗಳೂ ಅದರಲ್ಲಿ ಕರಗಿರುತ್ತವೆ, ಗಡ್ಡೆಯ ಒಳಭಾಗಕ್ಕೆ ಆಮ್ಲಜನಕವೂ ಸಾಲದು. ಇವುಗಳ ನಡುವೆ ಬೆಳೆದ ಗಡ್ಡೆಯ ಕೋಶಗಳು ದಶಕಗಳಿಂದ 300 ಮಿಲಿಆಸ್ಮೋಲಿನ ಆಸುಪಾಸಿನಲ್ಲಿ ನಿಂತ ಮಾಧ್ಯಮದಲ್ಲಿ, ಧಾರಾಳ ಆಮ್ಲಜನಕದಲ್ಲಿ ಸುಖವಾಗಿವೆ. ಟಿ24 ಒಂದರಲ್ಲೇ ಕಂಡದ್ದನ್ನು ರೋಗಿಯ ದೇಹಕ್ಕೆ ಅನ್ವಯಿಸುವುದು ಅವಸರವಾದೀತು. ನಾನೀಗ ಆರ್‌ಟಿ4 ಎಂಬ ಇನ್ನೊಂದು ಮೂತ್ರಕೋಶ ಕ್ಯಾನ್ಸರಿನ ಕೋಶಗಳನ್ನೂ ಜೊತೆಗಿಟ್ಟುಕೊಂಡಿದ್ದೇನೆ. ಅವು ದ್ವೀಪಗಳಂತೆ ಗುಂಪುಗೂಡಿ ನಿಧಾನವಾಗಿ ಬೆಳೆಯುತ್ತವೆ, ತಾಳ್ಮೆ ಬೇಕು. ಆದರೆ ಟಿ24ರಲ್ಲಿ ಕೆಟ್ಟಿರುವ, ಗಡ್ಡೆಯನ್ನು ತಡೆಯುವ ಪಿ53 ಜೀನು ಅವುಗಳಲ್ಲಿ ಸರಿಯಾಗಿದೆ, ಅವುಗಳ ಬೆಳವಣಿಗೆಯನ್ನು ನಡೆಸುವ ಎಫ್‌ಜಿಎಫ್‌ಆರ್3 ಎಂಬ ಗ್ರಾಹಕ ಪ್ರೋಟೀನು ಒತ್ತಡದ ಪ್ರೋಟೀನಾದ ಎಚ್‌ಎಸ್‌ಪಿ90ರ ಆಸರೆಯಲ್ಲಿ ನಿಂತಿದೆ.

ಮೊದಲ ಸಲ ಕೋಶ ಸಾಕುವ ವಿದ್ಯಾರ್ಥಿಗೆ ಟಿ24ನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಬಂದ ವಾರವೇ ಹತ್ತಾರು ಸೀಸೆಗಳನ್ನು ಹೆಪ್ಪುಗಟ್ಟಿಸಿಟ್ಟು, ಮುಚ್ಚಳದ ಮೇಲೆ ದಿನಾಂಕದ ಜೊತೆ ಎಷ್ಟನೆಯ ಪೀಳಿಗೆ (ಎಷ್ಟು ಸಲ ಹೊಸ ತಟ್ಟೆಗೆ ದಾಟಿಸಿದ್ದು) ಎಂಬುದನ್ನೂ ಬರೆಯಲಿ.