ವರ್ಮ್ ಗೇರ್‌ಬಾಕ್ಸ್‌ಗೆ ಪಿಎಜಿ 460: ಮೂರು ವರ್ಷದ ಅನುಭವ

ನಮ್ಮದು ಗಂಗಾವತಿ ಹತ್ತಿರ ಸಣ್ಣ ಅಕ್ಕಿ ಗಿರಣಿ. ಭತ್ತದ ಎಲಿವೇಟರ್‌ಗಳಿಗೆ ಎರಡು ವರ್ಮ್ ಗೇರ್‌ಬಾಕ್ಸ್ ಇವೆ, ಅಂದರೆ ಒಳಗೆ ಸ್ಕ್ರೂ ತರಹದ ವರ್ಮ್ ಒಂದು ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಮಿನರಲ್ 460 (ಕಚ್ಚಾ ತೈಲದಿಂದ ಬರುವ ಸಾದಾ ಗೇರ್ ಆಯಿಲ್) ಹಾಕುತ್ತಿದ್ದಾಗ ಬೇಸಿಗೆಯಲ್ಲಿ ಮೈ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ವರ್ಮ್‌ನಲ್ಲಿ ಹಲ್ಲು ಉರುಳುವುದಕ್ಕಿಂತ ಜಾರುವುದೇ ಜಾಸ್ತಿ, ಬಿಸಿಯಾಗದೆ ಇರುತ್ತಾ? ಆರು ತಿಂಗಳಿಗೆ ಆಯಿಲ್ ಕಪ್ಪಾಗುತ್ತಿತ್ತು. ಪಿಎಜಿ, ಅಂದರೆ ಪಾಲಿಆಲ್ಕಲೀನ್ ಗ್ಲೈಕಾಲ್ ಎನ್ನುವ ಸಿಂಥೆಟಿಕ್ ಆಯಿಲ್, ತಂದಾಗ ಬೆಲೆ ಕೇಳಿ ಅಪ್ಪ ಊಟದ ತನಕ ಮಾತಾಡಲಿಲ್ಲ. ಒಂದು ತಿಂಗಳ ನಂತರ ಅವರೇ ಗೇರ್‌ಬಾಕ್ಸ್ ಮೇಲೆ ಅಂಗೈ ಇಟ್ಟು ನಿಂತಿದ್ದರು.

ಬೆಳಿಗ್ಗೆ ಮೋಟಾರ್ ಹಾಕುವ ಮುಂಚೆ ಗೇರ್‌ಬಾಕ್ಸ್‌ನ ಗಾಜಿನ ಕಿಂಡಿಯಲ್ಲಿ ಆಯಿಲ್ ಮಟ್ಟ ನೋಡುವುದು ನನ್ನ ಕೆಲಸ. ಗಾಜಿಗೆ ಮೆತ್ತಿದ ತೌಡನ್ನು ಲುಂಗಿ ತುದಿಯಿಂದ ಒರೆಸಬೇಕು. ತಿಂಗಳಿಗೊಮ್ಮೆ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ಹನಿ ಬಿಟ್ಟು ಬಿಸಿಲಿಗೆ ಹಿಡಿಯುತ್ತೇನೆ. ಡ್ರೈನ್ ಪ್ಲಗ್‌ನ ಅಯಸ್ಕಾಂತವನ್ನು ನಂಬಿ ಕೂರಬೇಡಿ. ವರ್ಮ್ ವೀಲ್ ಕಂಚಿನದು, ಅದರ ಪುಡಿ ಅಯಸ್ಕಾಂತಕ್ಕೆ ಅಂಟಲ್ಲ. ಹಾಳೆ ಮೇಲೆ ಚಿನ್ನದ ಬಣ್ಣದ ಮಿಂಚು ಕಂಡರೆ ಜೋಪಾನ.

ಇನ್ನು ಹೊಟ್ಟೆ ಉರಿಸಿದ ವಿಷಯ. ಹೋದ ಸುಗ್ಗಿಯಲ್ಲಿ ನಾನು ಮದುವೆಗೆ ಹೋಗಿದ್ದೆ. ಗಿರಣಿ ಕೆಲಸದ ಹುಡುಗ ಮೂಲೆಯಲ್ಲಿದ್ದ ಹಳೆ ಡಬ್ಬಿಯ ಮಿನರಲ್ ಸುರಿದಿದ್ದ. "ಆಯಿಲ್ ಕಮ್ಮಿ ಇತ್ರೀ ಅಣ್ಣಾ, ಅದಕ್ಕ ಹಾಕಿದೆ." ಅವನದೇನು ತಪ್ಪು? ಎರಡು ಡಬ್ಬಿ ಮೇಲೂ 460 ಎಂದೇ ಇದೆ. ಆ ನಂಬರ್ ಹೇಳುವುದು 40 ಡಿಗ್ರಿಯಲ್ಲಿ ಎಷ್ಟು ಗಟ್ಟಿ ಅಂತ ಮಾತ್ರ, ಜಾತಿ ಹೇಳಲ್ಲ. ಪಿಎಜಿಗೂ ಮಿನರಲ್‌ಗೂ ಕೂಡಿಬರಲ್ಲ. ಒಳಗೆ ಹಾಲು ಒಡೆದ ಹಾಗಾಗಿತ್ತು, ಮೇಲೆಲ್ಲ ನೊರೆ. ಬಿಸಿ ಇರುವಾಗಲೇ ಬಸಿದು, ಹೊಸ ಪಿಎಜಿಯಲ್ಲೇ ಎರಡು ಸಲ ತೊಳೆದೆವು. ತೊಳೆಯೋಕೂ ಅದೇ ದುಬಾರಿ ಆಯಿಲ್! ಎರಡು ದಿನ ಗಿರಣಿ ಬಂದ್, ಹೊರಗೆ ಭತ್ತದ ಟ್ರ್ಯಾಕ್ಟರ್ ಸಾಲು. ಕೊಡುವಾಗ ಅಂಗಡಿಯವರು ಇದರ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ಒಳಗಿನ ಪೇಂಟ್ ಕೂಡ ಅಲ್ಲಲ್ಲಿ ಎದ್ದಿದೆ, ಕೆಲವು ಪೇಂಟ್‌ಗೆ ಪಿಎಜಿ ಆಗಲ್ಲವಂತೆ.

ಆದರೂ ಬಿಟ್ಟಿಲ್ಲ. ಹಗಲು ರಾತ್ರಿ ಓಡುವ ವರ್ಮ್‌ಗೆ ಕೊಟ್ಟ ದುಡ್ಡು ದಂಡ ಅಲ್ಲ. ಓರೆ ಹಲ್ಲಿನ ಹೆಲಿಕಲ್ ಗೇರ್‌ಬಾಕ್ಸ್‌ಗಳಿಗೆ ನಾನು ಈಗಲೂ ಸಾದಾ ಮಿನರಲ್ 220 ಹಾಕುತ್ತೇನೆ, ಅಲ್ಲಿ ಇದು ಸುಮ್ನೆ ಖರ್ಚು. ಪಿಎಜಿ ಡಬ್ಬಿಗೆ ಕೆಂಪು ಬಣ್ಣ ಬಳಿದು ಬೀರುವಿನಲ್ಲಿ ಇಟ್ಟಿದ್ದೇನೆ. ಕೀಲಿ ಅಪ್ಪನ ಸೊಂಟದಲ್ಲಿದೆ.