ರಿಸ್ಟೋರ್ ಮಾಡಿದ ಹಳೆಯ ಟೂ-ಸ್ಟ್ರೋಕ್ ಡರ್ಟ್ ಬೈಕ್ ಕೊಂಡವರು ಜೆಟ್ ಬದಲಿಸುವ ಮೊದಲು ಇದನ್ನು ಓದಿ

ರಿಸ್ಟೋರ್ ಮಾಡಿದ ಹಳೆಯ ಡರ್ಟ್ ಬೈಕೊಂದನ್ನು ಕೊಂಡಿದ್ದೀರಿ, ಎಂಜಿನ್ ಸರಿಯಾಗಿ ಓಡುತ್ತಿಲ್ಲ, ನೋಡಿದವರೆಲ್ಲ ಕಾರ್ಬ್ಯುರೇಟರ್ ಕಡೆಗೇ ಬೆರಳು ತೋರಿಸುತ್ತಿದ್ದಾರೆ ಎಂದಾದರೆ, ದಯವಿಟ್ಟು ಇನ್ನೊಂದು ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸಣ್ಣ ತೂತಿನ ಬಿಡಿಭಾಗ) ತರಿಸುವ ಮೊದಲು ಗಾಡಿಯನ್ನು ನಿಲ್ಲಿಸಿ ಕ್ರ್ಯಾಂಕ್‌ಕೇಸಿನ, ಅಂದರೆ ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಮುಚ್ಚಿದ ಪೆಟ್ಟಿಗೆಯ, ಒತ್ತಡ ಪರೀಕ್ಷೆ ಮಾಡಿಸಿ. ಆ ಪರೀಕ್ಷೆ ನಡೆಯದೇ ಹೋದದ್ದರಿಂದ ನನ್ನ ಬೈಕಿನ ಪಿಸ್ಟನ್ನೂ ಸಿಲಿಂಡರೂ ಹಾಳಾದವು. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಏರುದಾರಿಯ ನಡುವೆ ಎಂಜಿನ್ ಸೀಜ್ ಆಗಿ (ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು) ಹಿಂದಿನ ಚಕ್ರ ಏಕಾಏಕಿ ಬಿಗಿದುಕೊಂಡಿತು.

ಬೈಕು ಯಮಹಾ ಡಿಟಿ-1. 1968ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. 246 ಸಿಸಿಯ, ಗಾಳಿಯಿಂದ ತಣಿಯುವ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್. ಸರಳವಾದ, ಗಟ್ಟಿಮುಟ್ಟಾದ ಎಂಜಿನ್ ಅದು, ಮತ್ತು ನಡೆದುದರಲ್ಲಿ ಅದರ ವಿನ್ಯಾಸದ ತಪ್ಪೇನೂ ಇಲ್ಲ. ಮಾರಿದವರು ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ಹೊಸದಾಗಿ ಕಟ್ಟಲಾಗಿದೆ ಎಂದು ಬರೆದುಕೊಟ್ಟಿದ್ದರು. ಫ್ರೇಮಿಗೆ ಪೌಡರ್ ಕೋಟಿಂಗ್, ಕ್ರ್ಯಾಂಕ್‌ಕೇಸಿಗೆ ಬೆಳ್ಳಿ ಬಣ್ಣ, ಹೊಸ ಸ್ಕ್ರೂಗಳು, ಹೊಸ ರಬ್ಬರುಗಳು ಎಲ್ಲವೂ ಆ ಮಾತಿಗೆ ಸಾಕ್ಷಿಯಂತೆ ಕಾಣುತ್ತಿದ್ದವು.

ತಣ್ಣಗಿದ್ದಾಗ ಎಂಜಿನ್ ಚೆನ್ನಾಗಿಯೇ ಶುರುವಾಗುತ್ತಿತ್ತು. ಬಿಸಿಯಾದ ಮೇಲೆ ತೊಂದರೆ ಮೊದಲಾಗುತ್ತಿತ್ತು: ಥ್ರಾಟಲ್ ಬಿಟ್ಟರೂ ವೇಗ ಇಳಿಯದೆ ಮೇಲೆಯೇ ನಿಲ್ಲುವುದು, ಐಡಲ್ (ಥ್ರಾಟಲ್ ಮುಚ್ಚಿದಾಗಿನ ಎಂಜಿನ್ ವೇಗ) ತನ್ನಷ್ಟಕ್ಕೆ ಏರುವುದು, ಥ್ರಾಟಲ್ ಸ್ವಲ್ಪ ತೆರೆದೊಡನೆ ಎಂಜಿನ್ ಉಸಿರುಗಟ್ಟಿದಂತೆ ತಡವರಿಸುವುದು. ಚೋಕ್ ಅರ್ಧ ಎಳೆದರೆ ಓಟ ಸುಧಾರಿಸುತ್ತಿತ್ತು. ಈ ಕೊನೆಯ ಲಕ್ಷಣವನ್ನು ವಿಶೇಷವಾಗಿ ಗಮನದಲ್ಲಿಡಿ. ಚೋಕ್ ಎಳೆದಾಗ ಬಿಸಿ ಎಂಜಿನ್ ಚೇತರಿಸಿಕೊಳ್ಳುತ್ತದೆ ಎಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ.

ಗಾಡಿಯನ್ನು ಒಪ್ಪಿಸಿದ ಕಾರ್ಯಾಗಾರದವರು ಮೊದಲನೆಯ ಸಾಧ್ಯತೆಯನ್ನಷ್ಟೇ ಹಿಡಿದುಕೊಂಡರು. ಪೈಲಟ್ ಜೆಟ್ ದೊಡ್ಡದಾಯಿತು, ನೀಡಲ್ಲಿನ ಕ್ಲಿಪ್ ಕೆಳಗಿಳಿಯಿತು, ಆಮೇಲೆ ಮೇನ್ ಜೆಟ್ಟೂ ದೊಡ್ಡದಾಯಿತು: ಮೂರೂ ಪೆಟ್ರೋಲ್ ಹೆಚ್ಚಿಸುವ ಬದಲಾವಣೆಗಳೇ. ಪ್ರತಿ ಬದಲಾವಣೆಯ ನಂತರವೂ ಗಾಡಿ ಸ್ವಲ್ಪ ಹೊತ್ತು ಸುಧಾರಿಸಿದಂತೆ ಕಾಣುತ್ತಿತ್ತು, ಮತ್ತು ಈ ರೋಗದ ಮೋಸವಿರುವುದೇ ಅಲ್ಲಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುವಾಗ ಮಿಶ್ರಣ ಕ್ರ್ಯಾಂಕ್‌ಕೇಸಿನೊಳಗೆ ಎಳೆಯಲ್ಪಡುತ್ತದೆ, ಕೆಳಗಿಳಿಯುವಾಗ ಅಲ್ಲಿಯೇ ಒತ್ತಲ್ಪಟ್ಟು ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಸಿಲಿಂಡರಿಗೆ ಹೋಗುತ್ತದೆ. ಅಂದರೆ ಕ್ರ್ಯಾಂಕ್‌ಕೇಸೇ ಇಲ್ಲಿ ಪಂಪು, ಮತ್ತು ಆ ಪಂಪಿನ ಎರಡು ತುದಿಗಳನ್ನು ಮುಚ್ಚಿರುವುದು ಕ್ರ್ಯಾಂಕಿನ ಎಡಬಲಗಳಲ್ಲಿರುವ ಎರಡು ರಬ್ಬರ್ ಸೀಲುಗಳು ಮಾತ್ರ. ಸೀಲು ಸೋರಿದರೆ ಕಾರ್ಬ್ಯುರೇಟರಿಗೆ ತಿಳಿಯದಂತೆ ಗಾಳಿ ಒಳನುಗ್ಗುತ್ತದೆ. ಥ್ರಾಟಲ್ ಕಡಿಮೆ ಇರುವಾಗ ಒಟ್ಟು ಗಾಳಿಯಲ್ಲಿ ಈ ಕಳ್ಳಗಾಳಿಯ ಪಾಲು ಬಹಳ ದೊಡ್ಡದು, ಪೂರ್ತಿ ತೆರೆದಾಗ ಚಿಕ್ಕದು. ಎಂಜಿನ್ ಬಿಸಿಯಾದಂತೆ ಸೋರಿಕೆಯೂ ಬದಲಾಗುತ್ತದೆ. ಹೀಗೆ ಗಳಿಗೆಗೊಂದು ರೀತಿಯಾಗುವ ತೂತಿಗೆ ಒಂದೇ ಅಳತೆಯ ಜೆಟ್ಟಿನಿಂದ ಪರಿಹಾರ ಸಿಗಲು ಸಾಧ್ಯವೇ ಇಲ್ಲ. ದೊಡ್ಡ ಜೆಟ್ ರೋಗವನ್ನು ಮುಚ್ಚಿಡುತ್ತದೆ, ಅಷ್ಟೇ.

ಏರುದಾರಿಯಲ್ಲಿ ಎಂಜಿನ್ನಿನ ಸದ್ದು ಮೊದಲು ತೆಳುವಾಯಿತು, ನಂತರ ಲೋಹ ತಾಗಿದಂಥ ಕಿಣಿಕಿಣಿ ಕೇಳಿಸಿತು, ಮರುಕ್ಷಣವೇ ಎಲ್ಲವೂ ನಿಂತಿತು. ಕೂಡಲೇ ಕ್ಲಚ್ ಹಿಡಿದದ್ದರಿಂದ ನಾನು ಬೀಳಲಿಲ್ಲ. ಹಳೆಯ ಟೂ-ಸ್ಟ್ರೋಕ್ ಓಡಿಸುವವರು ಎರಡು ಬೆರಳನ್ನು ಸದಾ ಕ್ಲಚ್ ಲಿವರಿನ ಮೇಲೆ ಇಟ್ಟುಕೊಳ್ಳಬೇಕು ಎಂದು ಹಿರಿಯರು ಹೇಳುವುದು ಇದಕ್ಕಾಗಿಯೇ.

ಬೇರೊಬ್ಬ ಅನುಭವಿ ಮೆಕ್ಯಾನಿಕ್ ಎಂಜಿನ್ ಬಿಚ್ಚಿದಾಗ ನಿಜ ಹೊರಬಿತ್ತು. ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಅಲ್ಯೂಮಿನಿಯಂ ಕರಗಿ ಉದ್ದುದ್ದ ಗೀರುಗಳಾಗಿದ್ದವು, ಪ್ಲಗ್ಗಿನ ಪಿಂಗಾಣಿ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಫ್ಲೈವ್ಹೀಲ್ ತೆಗೆದು ಮ್ಯಾಗ್ನೆಟೋ (ಕಿಡಿಗೆ ವಿದ್ಯುತ್ ಕೊಡುವ ಭಾಗ) ಬದಿಯ ಸೀಲನ್ನು ನೋಡಿದರೆ ಅದರ ಹೊರ ಅಂಚಿನ ಮೇಲೆ ಕ್ರ್ಯಾಂಕ್‌ಕೇಸಿನ ಅದೇ ಬೆಳ್ಳಿ ಬಣ್ಣದ ತುಂತುರು ಕೂತಿತ್ತು. ಎಂಜಿನ್ನನ್ನು ಬಿಚ್ಚದೆ, ಹಳೆಯ ಸೀಲು ಇದ್ದಲ್ಲಿಯೇ ಇರುವಾಗ ಬಣ್ಣ ಹೊಡೆದಿದ್ದರು ಎನ್ನುವುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಸೀಲಿನ ಒಳತುಟಿ ಉಗುರಿನಿಂದ ಒತ್ತಿದರೂ ಬಾಗದಷ್ಟು ಗಟ್ಟಿಯಾಗಿ ಸೀಳಿತ್ತು, ಅದನ್ನು ಬಿಗಿಹಿಡಿಯುವ ಸಣ್ಣ ಸುರುಳಿ ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಗಿತ್ತು. ಕವರಿನ ಮೂಲೆಯಲ್ಲಿ ಬ್ಲಾಸ್ಟಿಂಗಿಗೆ (ಪುಡಿಯನ್ನು ರಭಸದಿಂದ ಹೊಡೆದು ಲೋಹ ಸ್ವಚ್ಛಗೊಳಿಸುವುದಕ್ಕೆ) ಬಳಸಿದ ಗಾಜಿನ ಪುಡಿ ಬೆರಳಿಗೆ ತರಿತರಿಯಾಗಿ ಸಿಗುತ್ತಿತ್ತು. ಆ ಪುಡಿ ಬೇರಿಂಗಿಗೆ ಇಳಿದರೆ ಆಗುವ ಸವೆತವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಒತ್ತಡ ಪರೀಕ್ಷೆ ಕಷ್ಟದ ಕೆಲಸವಲ್ಲ. ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ತೆಗೆದು, ಇಂಟೇಕ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ, ಆಯಿಲ್ ಪಂಪಿನ ನಳಿಕೆ ಇದ್ದರೆ ಅದನ್ನೂ ಬಂದ್ ಮಾಡಿ, ಕೈಪಂಪಿನಿಂದ ಸುಮಾರು 6 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಮಾನ) ಒತ್ತಡ ತುಂಬುತ್ತಾರೆ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋರಿಕೆ ಇದೆ ಎಂದು ಲೆಕ್ಕ. ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಬಿಡಲೇಬಾರದು, ಒಳ್ಳೆಯ ಸೀಲೂ ಜಾಗ ಬಿಟ್ಟು ಹೊರಬರಬಹುದು. ಸೋಪಿನ ನೀರು ಹಚ್ಚಿದರೆ ಸಿಲಿಂಡರ್ ಬುಡದ ಗ್ಯಾಸ್ಕೆಟ್, ಇಂಟೇಕ್ ರಬ್ಬರ್ ಮತ್ತು ಮ್ಯಾಗ್ನೆಟೋ ಬದಿಯ ಸೋರಿಕೆಗಳು ಗುಳ್ಳೆಗಳಾಗಿ ಕಾಣುತ್ತವೆ. ಕ್ಲಚ್ ಬದಿಯ ಸೀಲು ಹೋಗಿದ್ದರೆ ಗೇರ್ ಆಯಿಲ್ ತುಂಬುವ ಬಾಯಿಗೆ ಕಿವಿಯಿಟ್ಟಾಗ ಗಾಳಿಯ ಸದ್ದು ಕೇಳುತ್ತದೆ. ಅಂಥ ಎಂಜಿನ್ ಗೇರ್ ಆಯಿಲನ್ನು ಒಳಗೆಳೆದು ಸುಡುವುದರಿಂದ ದಟ್ಟ ಬಿಳಿ ಹೊಗೆ ಬರುವುದೂ, ಆಯಿಲ್ ಮಟ್ಟ ಕಾರಣವಿಲ್ಲದೆ ಇಳಿಯುವುದೂ ಇದೆ. ಒತ್ತಡದ ನಂತರ ಅದೇ ರೀತಿ ನಿರ್ವಾತದಲ್ಲಿಯೂ ಪರೀಕ್ಷಿಸಿ, ಏಕೆಂದರೆ ಒಳಗಿನಿಂದ ಒತ್ತಿದಾಗ ಬಿಗಿಯಾಗಿ ಕೂರುವ ತುಟಿ ಎಳೆತಕ್ಕೆ ಬಿಟ್ಟುಕೊಡುವುದುಂಟು. ಓಡುತ್ತಿರುವ ಎಂಜಿನ್ನಿನ ಮೇಲೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಬಿಸಿ ಸಿಲಿಂಡರಿನ ಪಕ್ಕದಲ್ಲಿ ಬೆಂಕಿಯ ಅಪಾಯ ನಿಜವಾದದ್ದು.

ಇಗ್ನಿಷನ್ ವಿಷಯವನ್ನೂ ಹೇಳಬೇಕು. ನನ್ನ ಬೈಕಿನಲ್ಲಿ ಕಾಯಿಲ್ ಕೂರುವ ಜಾಗದ ಮೇಲೂ ದಪ್ಪ ಪೌಡರ್ ಕೋಟಿಂಗ್ ಇದ್ದುದರಿಂದ ಅರ್ಥಿಂಗ್ ಸರಿಯಾಗಿ ಸಿಗುತ್ತಿರಲಿಲ್ಲ, ಕಿಡಿ ನೀಲಿಯ ಬದಲು ಮಂಕು ಕಿತ್ತಳೆಯಾಗಿತ್ತು. ಬೋಲ್ಟಿನ ಸುತ್ತ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವಂತೆ ಮಾಡಿದ ಮೇಲೆ ಅದು ಸರಿಹೋಯಿತು. ಬಿಸಿಯಾದಾಗ ಮಾತ್ರ ಕೈಕೊಡುವ ಇಗ್ನಿಷನ್ನಿನ ಹಳೆಯ ಕಂಡೆನ್ಸರ್, ಗಾಳಿ ಆಡದ ಟ್ಯಾಂಕ್ ಮುಚ್ಚಳ, ಕಳಚಿ ಫಿಲ್ಟರಿಗೆ ಬಂದು ಕೂರುವ ಟ್ಯಾಂಕ್ ಲೇಪನ, ಇವೂ ರಿಸ್ಟೋರ್ ಆದ ಬೈಕುಗಳಲ್ಲಿ ಸಾಮಾನ್ಯ. ಕಿಡಿ, ಕಂಪ್ರೆಶನ್, ಒತ್ತಡ ಪರೀಕ್ಷೆ, ಆಮೇಲೆ ಕಾರ್ಬ್ಯುರೇಟರ್: ಈ ಕ್ರಮದಲ್ಲಿ ಹೋದರೆ ದುಡ್ಡೂ ಎಂಜಿನ್ನೂ ಉಳಿಯುತ್ತವೆ.

ಸೋರುವ ಎಂಜಿನ್ ಕೆಲವೊಮ್ಮೆ ಥ್ರಾಟಲ್ ಮುಚ್ಚಿದ್ದರೂ ತಾನಾಗಿ ಕಿರುಚುತ್ತ ಏರತೊಡಗುತ್ತದೆ. ಕಿಲ್ ಸ್ವಿಚ್ಚಿಗೆ ನಿಲ್ಲದಿದ್ದರೆ ಕ್ಲಚ್ ಹಿಡಿದು ಮೇಲಿನ ಗೇರಿಗೆ ಹಾಕಿ, ಬ್ರೇಕುಗಳನ್ನು ಗಟ್ಟಿಯಾಗಿ ಒತ್ತಿ, ನಂತರ ಕ್ಲಚ್ ಬಿಟ್ಟು ಅದನ್ನು ಉಸಿರುಗಟ್ಟಿಸಿ ನಿಲ್ಲಿಸಬೇಕು. ಪೆಟ್ರೋಲ್ ಕಾಕ್ ಮುಚ್ಚಿದರೆ ತಕ್ಷಣ ನಿಲ್ಲುವುದಿಲ್ಲ, ಫ್ಲೋಟ್ ಬೌಲಿನಲ್ಲಿ ಉಳಿದಿರುವ ಇಂಧನ ಮುಗಿಯುವವರೆಗೆ ಅದು ಓಡುತ್ತಲೇ ಇರುತ್ತದೆ.

ಮಾರಿದವರನ್ನು ಕೇಳಿದಾಗ, ಎಂಜಿನ್ ಕೆಲಸವನ್ನು ಬೇರೆಯವರಿಂದ ಮಾಡಿಸಿದ್ದೆವು, ಒಳಗೆ ಏನಿದೆ ಎಂದು ತಮಗೂ ಗೊತ್ತಿಲ್ಲ ಎಂಬ ಉತ್ತರ ಬಂತು. ಬರೆದುಕೊಟ್ಟ ಮಾತಿಗೆ ಅವರು ಬೆಲೆ ಕೊಡಲಿಲ್ಲ. ಆದ್ದರಿಂದ ಕೊಳ್ಳುವ ಮೊದಲೇ, ಬಿಚ್ಚಿ ತೆಗೆದ ಹಳೆಯ ಸೀಲು, ಹಳೆಯ ಬೇರಿಂಗ್, ಬಿಚ್ಚಿದ ಕ್ರ್ಯಾಂಕ್‌ಕೇಸಿನ ಚಿತ್ರ, ಬಿಡಿಭಾಗಗಳ ರಸೀದಿ ಇವುಗಳನ್ನು ಕೇಳಿ, ನಿಮ್ಮ ಎದುರಿಗೇ ಒತ್ತಡ ಪರೀಕ್ಷೆ ಮಾಡಿಸಲು ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ಆ ಗಾಡಿಯ ಎಂಜಿನ್ ಇನ್ನೂ ಬಿಚ್ಚಬೇಕಾದದ್ದು ಎಂದೇ ತಿಳಿದು, ಕ್ರ್ಯಾಂಕ್ ಮತ್ತು ಸಿಲಿಂಡರ್ ಕೆಲಸದ ಖರ್ಚನ್ನು ಕೇಳಿದ ಬೆಲೆಯಿಂದ ಕಳೆದು ಮಾತಾಡಿ.